ಸತ್ತ ತೀರ್ಪು ಮತ್ತು ಒಂದು ಗಂಟೆಯ ಪಾಠ

ಸ್ವಲ್ಪ ಉದ್ದದ ಪೋಸ್ಟ್. ಟೈಮ್ ಮಾಡ್ಕೊಂಡು ಓದಿ. ಲಾ ಓದ್ತಿರೋ ನಮ್ಮ ಹುಡುಗ ಹುಡುಗೀರು ಗೊತ್ತಿದ್ರೆ ಅವರಿಗೂ ಕಳಿಸಿ.

2021ರಲ್ಲಿ ನಮ್ಮ ದೊಡ್ಡಮ್ಮನನ್ನ ಊರಿನ ಹಾಲಿನ ಡೇರಿ ಮುಂದೆ ಜಾತಿ ಹಿಡಿದು ಬೈದು, ತಳ್ಳಿ ಬೀಳಿಸಿದ್ರು. ಹಾಲು ಹಾಕೋಕೆ ಬಂದಿದ್ದ ಹತ್ತಾರು ಜನ ನೋಡಿದ್ರು. ಅವತ್ತೇ ಸಂಜೆ ದೂರು ಬರ್ಕೊಂಡು ಸ್ಟೇಷನ್‌ಗೆ ಹೋದ್ವಿ. ಅಲ್ಲಿದ್ದ ಅಧಿಕಾರಿ ದೂರು ಓದಿ, ಡ್ರಾಯರ್‌ನಿಂದ ಒಂದು ಪ್ರಿಂಟ್‌ಔಟ್ ತೆಗೆದು ಟೇಬಲ್ ಮೇಲಿಟ್ಟರು. "ನೋಡ್ರೀ, ಅಟ್ರಾಸಿಟಿ ಕೇಸಲ್ಲಿ ಮೊದ್ಲು ಪ್ರಾಥಮಿಕ ವಿಚಾರಣೆ. ಆಮೇಲೇ ಎಫ್‌ಐಆರ್. ನಾನ್ ಹೇಳ್ತಿರೋದಲ್ಲ, ಸುಪ್ರೀಂ ಕೋರ್ಟ್ ಹೇಳಿರೋದು."

ತಗೊಂಡು ನೋಡಿದೆ. ಸುಭಾಷ್ ಕಾಶಿನಾಥ್ ಮಹಾಜನ್ ಪ್ರಕರಣ, 20 ಮಾರ್ಚ್ 2018. ಸುಳ್ಳು ಕಾಗದ ಅಲ್ಲ, ಅಸಲಿ ತೀರ್ಪೇ. ದೊಡ್ಡಮ್ಮ ಮೆಲ್ಲಗೆ ಕೇಳಿದ್ರು, "ಅದ್ರಲ್ಲಿ ಏನ್ ಬರ್ದವ್ರೆ ಮಗಾ?" ನನ್ನ ಹತ್ರ ಉತ್ತರ ಇರ್ಲಿಲ್ಲ.

ನಾಚಿಕೆ ಯಾಕೆ ಅಂದ್ರೆ, ಇದೇ ತೀರ್ಪಿನ ವಿರುದ್ಧ 2018ರ ಏಪ್ರಿಲ್ 2ಕ್ಕೆ ಭಾರತ್ ಬಂದ್ ನಡೀತು. ಉತ್ತರ ಭಾರತದಲ್ಲಿ ನಮ್ಮ ಜನ ಪ್ರಾಣ ಕಳ್ಕೊಂಡ್ರು. ನಾನೂ ನಮ್ಮ ಸರ್ಕಲ್‌ನಲ್ಲಿ ನಿಂತು ಘೋಷಣೆ ಕೂಗಿದವನೇ. ಆಮೇಲೆ ಏನೋ ತಿದ್ದುಪಡಿ ಆಯ್ತು ಅನ್ನೋದು ಗೊತ್ತಿತ್ತು. ಯಾವ ಸೆಕ್ಷನ್, ಯಾವಾಗ, ಕೋರ್ಟ್ ಅದಕ್ಕೆ ಏನಂತು, ಯಾವುದೂ ಗೊತ್ತಿರ್ಲಿಲ್ಲ. ಕೈಲಿ ಫೋನಿತ್ತು, ನೆಟ್ ಇತ್ತು. ಅಲ್ಲೇ ನಿಂತು ಹುಡುಕಿದೆ. ಬಂದಿದ್ದೆಲ್ಲ 2018ರ ಸುದ್ದಿಗಳೇ. ಬೀದೀಲಿ ಗೆದ್ದಿದ್ದನ್ನ ಸ್ಟೇಷನ್‌ನಲ್ಲಿ ಸೋತು ವಾಪಸ್ ಬಂದ್ವಿ.

ಎಫ್‌ಐಆರ್ ಆಗಿದ್ದು 11 ದಿನ ಆದ್ಮೇಲೆ, ಜಿಲ್ಲಾ ಕೇಂದ್ರದ ವಕೀಲರೊಬ್ಬರು ಬರೆದುಕೊಟ್ಟ ಒಂದು ಪುಟದ ಅರ್ಜಿಯಿಂದ. ಅಷ್ಟೊತ್ತಿಗೆ ಡೇರಿ ಮುಂದೆ ಇದ್ದವರಲ್ಲಿ ಅರ್ಧ ಜನಕ್ಕೆ ಏನೂ ಕೇಳಿಸಿರ್ಲಿಲ್ಲ! ಕೋರ್ಟಲ್ಲಿ ಆರೋಪಿ ಕಡೆ ವಕೀಲರು ದೊಡ್ಡಮ್ಮನನ್ನೇ ಕೇಳಿದ್ರು: "ಕೇಸು ದಾಖಲಾಗೋಕೆ 11 ದಿನ ಯಾಕಮ್ಮ ತಡ ಆಯ್ತು?"

ಇನ್ನು ಲೈಬ್ರರಿ ವಿಷಯಕ್ಕೆ ಬರ್ತೀನಿ.

ಮಾರನೇ ವರ್ಷ ನಮ್ಮಕ್ಕನ ಮಗಳು ಕಾನೂನು ಕಾಲೇಜಿಗೆ ಸೇರಿದಳು. ಒಂದಿನ ಅವಳ ಜೊತೆ ಹೋದಾಗ ಲೈಬ್ರರೀಲಿ ಕಂಪ್ಯೂಟರ್‌ನಲ್ಲಿ ತೀರ್ಪು ಹುಡುಕೋ ತರಬೇತಿ ಇತ್ತು. ಹಿಂದೆ ಕೂತೆ. ದುಡ್ಡು ಕೊಟ್ಟು ತಗೊಳ್ಳೋ ಡೇಟಾಬೇಸ್‌ನ ಕಂಪನಿಯವರು ಬಂದು, ಇಲ್ಲಿ ಲಾಗಿನ್ ಆಗಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಡೌನ್‌ಲೋಡ್ ಅಂತ ತೋರಿಸಿದ್ರು. 40 ನಿಮಿಷ ಆಯ್ತು, ಮುಗೀತು. ಹೊರಗೆ ಬಂದು ಕೇಳಿದೆ, "ಪುಟ್ಟಿ, ಒಂದು ತೀರ್ಪು ಇವತ್ತಿಗೂ ನಡೆಯುತ್ತಾ ಇಲ್ವಾ ಅಂತ ಹೆಂಗ್ ನೋಡ್ತೀಯ?" "ಅದನ್ನ ಹೇಳ್ಕೊಡ್ಲಿಲ್ಲ ಮಾಮ" ಅಂದಳು.

ಇದನ್ನ ಕೇಳಿಸ್ಕೊಂಡ ಲೈಬ್ರೇರಿಯನ್ ಮೇಡಂ ಕರೆದು ಕೂರಿಸಿದ್ರು. ಸ್ಟೇಷನ್ ಕಥೆ ಪೂರ್ತಿ ಹೇಳಿದೆ. ಅವರು ಬೇಜಾರು ಮಾಡ್ಕೊಳ್ದೆ ಹೇಳಿದ್ರು: "ಸರ್, ಲೈಬ್ರರಿ ಸೈನ್ಸ್‌ನಲ್ಲಿ ನಮಗೆ ಪುಸ್ತಕದ ವರ್ಗೀಕರಣ ಕಲಿಸಿದ್ರು, ಕ್ಯಾಟಲಾಗ್ ಕಲಿಸಿದ್ರು. ಪಾಠ ಮಾಡೋದು ಹೆಂಗೆ ಅಂತ ಯಾರೂ ಕಲಿಸ್ಲಿಲ್ಲ. ಅದ್ಕೇ ಕಂಪನಿಯವರನ್ನ ಕರೀತೀವಿ. ಅವರು ಅವರ ಸಾಮಾನು ತೋರಿಸಿ ಹೋಗ್ತಾರೆ."

ಮುಂದಿನ ತಿಂಗಳು ಅವರೇ ಪಾಠ ಮಾಡಿದ್ರು. ನನ್ನನ್ನೂ ಕರೆದ್ರು. ಎಲ್ಲರ ಕೈಗೂ ಅದೇ 2018ರ ತೀರ್ಪು ಕೊಟ್ಟು, ಬೋರ್ಡ್ ಮೇಲೆ ಒಂದೇ ಪ್ರಶ್ನೆ ಬರೆದ್ರು: "ಈ ಕಾಗದ ಇಟ್ಕೊಂಡು ಇವತ್ತು ಎಫ್‌ಐಆರ್ ತಡೀಬಹುದಾ?" ಒಂದು ಗಂಟೆ ಟೈಮ್. ದುಡ್ಡಿನ ಡೇಟಾಬೇಸ್ ಮುಟ್ಟಂಗಿಲ್ಲ, ಕಾಲೇಜು ಬಿಟ್ಟ ಮೇಲೆ ಆ ಪಾಸ್‌ವರ್ಡ್ ನಿಮ್ಮ ಹತ್ರ ಇರಲ್ಲ ಅಂದ್ರು.

ಮೊದಲು ತೀರ್ಪು ಹುಡುಕೋದಲ್ಲ, ಕಾಯ್ದೆ ಓದೋದು. ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ದೌರ್ಜನ್ಯ ತಡೆ ಕಾಯ್ದೆ ತೆಗೆದ್ರೆ ಸೆಕ್ಷನ್ 18ಎ ಕಾಣ್ಸುತ್ತೆ. 2018ರ ಆಗಸ್ಟ್‌ನಲ್ಲಿ ಸಂಸತ್ತು ಸೇರಿಸಿದ್ದು. ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ, ಬಂಧನಕ್ಕೆ ಮೇಲಿನವರ ಒಪ್ಪಿಗೆ ಬೇಕಿಲ್ಲ ಅಂತ ನೇರವಾಗಿ ಬರೆದಿದೆ. ಆಮೇಲೆ ಇಂಡಿಯನ್ ಕಾನೂನ್‌ನಲ್ಲಿ ಹಳೇ ತೀರ್ಪು ತೆಗೆದು, ಅದನ್ನ ನಂತರ ಉಲ್ಲೇಖಿಸಿದ ತೀರ್ಪುಗಳ ಪಟ್ಟಿ ನೋಡೋದು. 1 ಅಕ್ಟೋಬರ್ 2019ರಂದು ಸುಪ್ರೀಂ ಕೋರ್ಟೇ ಪುನರ್‌ಪರಿಶೀಲನೆಯಲ್ಲಿ ಆ ನಿರ್ದೇಶನಗಳನ್ನ ವಾಪಸ್ ತಗೊಂಡಿದೆ. 10 ಫೆಬ್ರವರಿ 2020ರಂದು ಪೃಥ್ವಿರಾಜ್ ಚೌಹಾಣ್ ಪ್ರಕರಣದಲ್ಲಿ 18ಎ ಎತ್ತಿ ಹಿಡಿದಿದೆ. ಅಂದ್ರೆ 2021ರಲ್ಲಿ ನಮ್ಮ ಮುಂದೆ ಇಟ್ಟ ಕಾಗದ ಆಗಲೇ ಮೂರು ಸಲ ಸತ್ತಿತ್ತು.

ಒಬ್ಬ ಹುಡುಗನಿಗೆ ಏನೂ ಸಿಗ್ಲಿಲ್ಲ. ಮೇಡಂ ಉತ್ತರ ಹೇಳ್ಲಿಲ್ಲ. "ಎಲ್ಲೆಲ್ಲಿ ಹುಡುಕಿದೆ, ತೋರ್ಸು" ಅಂದ್ರು. ಅವನು ಬರೀ ಸುದ್ದಿ ಓದ್ತಿದ್ದ, ನನ್ನ ಹಂಗೇ. ಉತ್ತರ ಸಿಕ್ಕವರನ್ನೂ ಬಿಡ್ಲಿಲ್ಲ. "ನಿಮಗೆ ಬೇಕಾದ ಸಾಲು ಸಿಕ್ತು ಅಂತ ನಿಲ್ಲಿಸ್ಬೇಡಿ, ಎದುರು ಪಾರ್ಟಿಗೆ ಬೇಕಾಗಿರೋದನ್ನೂ ಹುಡುಕಿ" ಅಂದ್ರು. ಆಗ ಗೊತ್ತಾಯ್ತು, ಮೇಲ್ನೋಟಕ್ಕೇ ಈ ಕಾಯ್ದೆಯ ಅಪರಾಧ ಕಾಣ್ದಿದ್ರೆ ನಿರೀಕ್ಷಣಾ ಜಾಮೀನು ಕೊಡಬಹುದು ಅಂತ ಅದೇ ಚೌಹಾಣ್ ತೀರ್ಪಲ್ಲೇ ಇದೆ. ಜಾತಿ ನಿಂದನೆ ಜನರ ಕಣ್ಣೆದುರು ಆಗಿರ್ಬೇಕು, ಹೊರಗಿನವರಿಲ್ಲದ ನಾಲ್ಕು ಗೋಡೆ ಒಳಗೆ ಆದ್ರೆ ಸಾಲದು ಅಂತ 2020ರ ಹಿತೇಶ್ ವರ್ಮಾ ತೀರ್ಪು ಹೇಳುತ್ತೆ. ಹಂಗಾಗಿ ಜಾಗ ಯಾವುದು, ಯಾರ್‍ಯಾರು ಇದ್ರು ಅನ್ನೋದು ದೂರಲ್ಲೇ ಇರ್ಬೇಕು. ಇಷ್ಟು ವರ್ಷ ಎಷ್ಟೋ ದೂರು ಬರೆದಿದ್ದೀನಿ, ಇದನ್ನ ನಂಗೆ ಯಾರೂ ಹೀಗೆ ಹೇಳಿರ್ಲಿಲ್ಲ.

ನಾವು ಲೈಬ್ರರಿಗೆ ಕಂಪ್ಯೂಟರ್ ಕೊಡಿ, ಡೇಟಾಬೇಸ್ ಕೊಡಿ ಅಂತ ಕೇಳ್ತೀವಿ. ಕೇಳ್ಬೇಕು. ಆದ್ರೆ ಸುಪ್ರೀಂ ಕೋರ್ಟ್ 2023ರ ಜನವರಿಯಿಂದ ಇ-ಎಸ್‌ಸಿಆರ್‌ನಲ್ಲಿ ತೀರ್ಪುಗಳನ್ನ ಪುಕ್ಕಟೆ ಕೊಡ್ತಿದೆ. ಎಷ್ಟೋ ತೀರ್ಪು ಕನ್ನಡಕ್ಕೂ ಅನುವಾದ ಆಗಿದೆ (ಅರ್ಥ ಮಾಡ್ಕೊಳ್ಳೋಕೆ ಓದಿ, ಕೋರ್ಟಿಗೆ ಇಂಗ್ಲಿಷ್ ಪ್ರತಿಯೇ ಅಧಿಕೃತ). ಬಾಗಿಲು ತೆರೆದಿದೆ, ಒಳಗೆ ದಾರಿ ತೋರಿಸೋರು ಇಲ್ಲ. ವಕೀಲರ ಮನೇಲಿ ಹುಟ್ಟಿದ ಮಕ್ಕಳಿಗೆ ಅಪ್ಪನ ಆಫೀಸಲ್ಲೇ ಇದು ಬರುತ್ತೆ. ಕೇರಿಯಿಂದ ಬಂದ ಮಗುವಿಗೆ ಲೈಬ್ರೇರಿಯನ್ ಕಲಿಸ್ಲಿಲ್ಲ ಅಂದ್ರೆ ಬೇರೆ ಯಾರೂ ಕಲಿಸಲ್ಲ.

ಅದ್ಕೇ ನನ್ನ ಬೇಡಿಕೆ ಲೈಬ್ರೇರಿಯನ್ನರ ಪರವಾಗಿ. ಅವರಿಗೆ ಪಾಠ ಮಾಡೋ ತರಬೇತಿ ಕೊಡಿ. ಒಬ್ಬರು ಪಾಠ ಮಾಡ್ಲಿ, ಉಳಿದವರು ಕೂತು ನೋಡಿ ತಪ್ಪು ಹೇಳ್ಲಿ. ಬಟನ್‌ನಿಂದ ಶುರು ಮಾಡೋದು ಬಿಟ್ಟು, ಜಿಲ್ಲೆಯ ನಿಜವಾದ ಕೇಸಿಂದ ಶುರು ಮಾಡ್ಲಿ. ತಿಂಗಳಾದ್ಮೇಲೆ ಮಕ್ಕಳು ತಾವೇ ಹುಡುಕ್ತಾರಾ ಅಂತ ಪರೀಕ್ಷೆ ಮಾಡ್ಲಿ. ಟೈಮ್‌ಟೇಬಲ್‌ನಲ್ಲಿ ಅವರಿಗೂ ಪೀರಿಯಡ್ ಇರ್ಲಿ. ತಿಂಗಳಿಗೊಂದು ದಿನ ನಮ್ಮಂಥ ಕಾರ್ಯಕರ್ತರಿಗೂ ಕನ್ನಡದಲ್ಲಿ ಹೇಳ್ಕೊಡ್ಲಿ. ಬಾಬಾಸಾಹೇಬರ ಫೋಟೋ ಗೋಡೆ ಮೇಲಿದ್ರೆ ಸಾಲದು, ಅದರ ಕೆಳಗೆ ಈ ಪಾಠ ನಡೀಬೇಕು.

ದೊಡ್ಡಮ್ಮನ ಕೇಸು ಇನ್ನೂ ನಡೀತಿದೆ. ಏನಾಗುತ್ತೋ ಗೊತ್ತಿಲ್ಲ. ಆದ್ರೆ ಮೊನ್ನೆ ಪಕ್ಕದೂರಿನ ಒಂದು ದೂರಿಗೆ ಹೋದಾಗ ಮತ್ತೆ ಅದೇ "ಪ್ರಾಥಮಿಕ ವಿಚಾರಣೆ" ಮಾತು ಬಂತು. ಪುಟ್ಟಿ ಬ್ಯಾಗಿನಿಂದ 18ಎ ಪುಟ ತೆಗೆದು ಟೇಬಲ್ ಮೇಲಿಟ್ಟಳು. ಅವತ್ತೇ ರಾತ್ರಿ ಎಫ್‌ಐಆರ್ ಆಯ್ತು.

ಜೈ ಭೀಮ್.