ಗೋಕಾಕ ಫಾಲ್ಸಿನಲ್ಲಿ ಚಕ್ರ ಹುಡುಕುತ್ತಾ

ತೂಗುಸೇತುವೆಯ ನಡುಮಧ್ಯೆ ನಿಂತಿದ್ದೇವೆ. ಎದುರಿನಿಂದ ಯಾರಾದರೂ ಬಂದರೆ ಸಾಕು, ಹಲಗೆ ಅಂಗಾಲಿನಡಿ ಏಳುತ್ತದೆ, ಇಳಿಯುತ್ತದೆ. ಸೇತುವೆಯ ಉದ್ದ 201 ಮೀಟರ್. 14 ಮೀಟರ್ ಕೆಳಗೆ ಬಂಡೆಯ ಹಾಸು, ಅದರ ಮೇಲೆ ಮಣ್ಣಿನ ಬಣ್ಣದ ಘಟಪ್ರಭೆ. ಇನ್ನಷ್ಟು ಮುಂದೆ ಹೋಗಿ, ಕುದುರೆ ಲಾಳದ ಹಾಗೆ ಬಾಗಿದ ಅಂಚಿನಲ್ಲಿ ಹೊಳೆ ಒಮ್ಮೆಗೇ 52 ಮೀಟರ್ ಕೆಳಕ್ಕೆ ಬೀಳುತ್ತದೆ. ಬಿದ್ದ ನೀರು ಇಲ್ಲಿಂದ ಕಾಣುವುದಿಲ್ಲ. ಕಮರಿಯಿಂದೆದ್ದ ತುಂತುರು ಮಾತ್ರ ಗಾಳಿ ಹಿಡಿದು ಬಂದು ಕನ್ನಡಕದ ಮೇಲೆ ಕೂರುತ್ತದೆ.

"ಚಕ್ರ ಎಲ್ಲಿ ಮಾಮ?"

ತಂಗಿಯ ಮಗನ ಪ್ರಶ್ನೆ. ಕಾರ್ಕಳದಿಂದ ಹೊರಡುವಾಗ, ಹೊಳೆಯ ನೀರಿನಿಂದಲೇ ಓಡುತ್ತಿದ್ದ ಗಿರಣಿ ತೋರಿಸುತ್ತೇನೆ ಎಂದಿದ್ದೆ. ಅವನ ತಲೆಯಲ್ಲಿರುವುದು ಚಿತ್ರಪುಸ್ತಕದ ಮರದ ಚಕ್ರ.

ಅವನ ಭುಜ ಹಿಡಿದು ಗಿರಣಿಯ ಕಡೆಗೆ ತಿರುಗಿಸುತ್ತೇನೆ. ಸೇತುವೆಯ ಮೇಲೆ ಫೋಟೊ ತೆಗೆಯುತ್ತಿರುವವರಲ್ಲಿ ಆ ದಿಕ್ಕಿಗೆ ಮುಖ ಮಾಡಿದವರು ಒಬ್ಬರೂ ಇಲ್ಲ. ನನ್ನನ್ನು ಕೇಳಿದರೆ, ಇಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ. 1885ರಲ್ಲಿ ಗೋಕಾಕ್ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು; ಗಿರಣಿ ಶುರುವಾದದ್ದು 1887ರಲ್ಲಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಅದಕ್ಕೂ ಹದಿನೈದು ವರ್ಷ ಮೊದಲೇ ಈ ಹೊಳೆ ಕದಿರು ತಿರುಗಿಸುತ್ತಿತ್ತು.

ಚಕ್ರ ಇದೆ, ಆದರೆ ಮೇಲಲ್ಲ, ಎಂದು ಹುಡುಗನಿಗೆ ಹೇಳುತ್ತೇನೆ. ಅಂಚು ದಾಟುವ ಮೊದಲೇ ಒಂದಿಷ್ಟು ನೀರನ್ನು ಪಕ್ಕಕ್ಕೆ ತಿರುಗಿಸಿ, ಕೊಳವೆಯಲ್ಲಿ ಕಮರಿಯ ಬುಡಕ್ಕೆ ಇಳಿಸುತ್ತಾರೆ. ಎತ್ತರದ ಒತ್ತಡವನ್ನೆಲ್ಲ ಹೊತ್ತು ಬಂದ ಆ ನೀರು ಕಬ್ಬಿಣದ ಕವಚದೊಳಗಿನ ಟರ್ಬೈನಿನ ಎಲೆಗಳನ್ನು ತಳ್ಳುತ್ತದೆ, ಮತ್ತೆ ಹೊಳೆಗೇ ಸೇರುತ್ತದೆ. ಸೆಕೆಂಡಿಗೆ ಒಂದು ಘನ ಮೀಟರ್ ನೀರು 52 ಮೀಟರ್ ಇಳಿದರೆ, ಲೆಕ್ಕದ ಪ್ರಕಾರ ಸುಮಾರು 510 ಕಿಲೋವ್ಯಾಟ್. ಕಲ್ಲಿದ್ದಲು ದೂರದಿಂದ ಬರಬೇಕಿದ್ದ ಕಾಲದಲ್ಲಿ, ಹತ್ತಿ ಬೆಳೆಯುವ ಎರೆಭೂಮಿಯ ಮಗ್ಗುಲಲ್ಲೇ ಇಂಥದ್ದೊಂದು ಜಲಪಾತ ಸಿಕ್ಕಿದರೆ ಯಾರು ಬಿಟ್ಟಾರು?

"ನಮ್ಮಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಮಳೆ. ನಮ್ಮಲ್ಲಿ ಯಾಕೆ ಕಟ್ಟಲಿಲ್ಲ?"

ಒಳ್ಳೆಯ ಪ್ರಶ್ನೆ, ನನ್ನನ್ನೂ ಬಹಳ ಕಾಲದಿಂದ ಕಾಡಿದ್ದು. ಕಾರ್ಕಳಕ್ಕೆ ವರ್ಷಕ್ಕೆ 4,000 ಮಿ.ಮೀ. ಮೀರಿ ಮಳೆ, ಗೋಕಾಕಕ್ಕೆ ಅದರ ಕಾಲುಭಾಗವೂ ಇಲ್ಲ. ಘಟಪ್ರಭೆಗೆ ನೀರು ಕೊಡುವುದೂ ಸಹ್ಯಾದ್ರಿಯೇ. ಆದರೆ ಅದು ಪೂರ್ವಕ್ಕೆ ಹರಿದು, ಊರೂರು ಸುತ್ತಿ, ದೂರದ ಕೃಷ್ಣೆಯನ್ನು ಸೇರುತ್ತದೆ. ನಮ್ಮ ಸ್ವರ್ಣೆ, ಸೀತೆಯರು ಘಟ್ಟ ಇಳಿದವರೇ ಬೇಗಬೇಗ ಕೋಡಿ ಬೆಂಗ್ರೆಯಲ್ಲಿ ಕಡಲು ಸೇರುತ್ತಾರೆ. ಅವುಗಳ ಎತ್ತರದ ಬಹುಪಾಲು ಘಟ್ಟದ ಕಾಡಿನೊಳಗೆ, ನೂರಾರು ತೊರೆಗಳಲ್ಲಿ ಚೂರುಚೂರಾಗಿ ಮುಗಿದುಹೋಗಿರುತ್ತದೆ. ದೊಡ್ಡ ಗಿರಣಿಗೆ ಅಷ್ಟೂ ಎತ್ತರ ಒಂದೇ ಕಡೆ ಬೇಕು, ಬದಿಯಲ್ಲೇ ಹತ್ತಿಯೂ ಬೇಕು.

ಸೇತುವೆ ಇಳಿದು ಮಹಾಲಿಂಗೇಶ್ವರನ ಗುಡಿಗೆ ಬರುತ್ತೇವೆ. ಚಾಲುಕ್ಯರ ಕಾಲದ್ದು. ಜಲಪಾತದ ಮೊರೆತ ಇಲ್ಲಿಗೆ ತಗ್ಗಿದ ದನಿಯಲ್ಲಿ ಬರುತ್ತದೆ. ಕಟ್ಟೆಯ ಕಲ್ಲು ಬಿಸಿಲಿಗೆ ಹದವಾಗಿ ಕಾದಿದೆ, ಕಾಲು ಚಾಚಿದರೆ ಏಳಲು ಮನಸ್ಸಾಗದು. ಸುಟ್ಟ ಗೊಂಜಾಳದ ತೆನೆಗೆ ಲಿಂಬೆ, ಖಾರ ತಿಕ್ಕಿ ಕೊಟ್ಟ ಅಜ್ಜ ಪಕ್ಕದಲ್ಲೇ ಕೂರುತ್ತಾರೆ. ಗಿರಣಿಯಲ್ಲಿ ದುಡಿದವರಂತೆ.

"ಭೋಂಗಾ ಹೊಡೀತಂದ್ರ ಊರಿಗೂರ ಎದ್ದು ನಿಂದರತಿತ್ರಿ. ಗಡಿಯಾರ ಯಾರ ಮನ್ಯಾಗ ಇತ್ತು?"

ಒಳಗೆ ಹೇಗಿರುತ್ತಿತ್ತು ಎಂದು ಹುಡುಗ ಕೇಳುತ್ತಾನೆ. ಅಜ್ಜ ಎರಡೂ ಕಿವಿ ಮುಚ್ಚಿ ತೋರಿಸುತ್ತಾರೆ. ಆಮೇಲೆ ಬೆರಳ ತುದಿಗಳನ್ನು ಒಂದಕ್ಕೊಂದು ಹೊಸೆದು, ಹರಿದ ಎಳೆಯನ್ನು ಓಡುವ ಕದಿರಿನ ಮೇಲೆಯೇ ಹೇಗೆ ಕೂಡಿಸಬೇಕೆಂದು ಕಲಿಸುತ್ತಾರೆ. ಬೆರಳುಗಳಿಗೆ ಏನೂ ಮರೆತಿಲ್ಲ. ಜಲಪಾತದ ಎತ್ತರ ಬರೆದ ಫಲಕಗಳ ಜೊತೆ ಈ ಕೈಗಳ ಬಗ್ಗೆಯೂ ಒಂದು ಫಲಕ ಬೇಕು. ಕಮರಿಯ ಬುಡದ ಹಳೆಯ ಯಂತ್ರಗಳನ್ನು ಶಾಲೆಯ ಮಕ್ಕಳಿಗೆ ತೋರಿಸುವ ವ್ಯವಸ್ಥೆಯೂ ಬೇಕು. ಆಗ ಹತ್ತಿರದ ಧೂಪದಾಳದ ಒಡ್ಡಿನ ಹಕ್ಕಿಗಳನ್ನು ನೋಡಲು ಬರುವವರು ಒಂದು ಗಳಿಗೆ ಇಲ್ಲಿಯೂ ನಿಲ್ಲುತ್ತಾರೆ.

ಹುಡುಗ ಕಾಳು ಬಿಡಿಸುವುದನ್ನು ನಿಲ್ಲಿಸಿದ್ದಾನೆ. "ನಮ್ಮ ತೋಟದ ಹಿಂದಿನ ತೋಡು?"

ಆ ತೋಡಿಗೂ ಲೆಕ್ಕ ಹಾಕುತ್ತೇವೆ. ಸೆಕೆಂಡಿಗೆ ಹತ್ತು ಲೀಟರ್, ಇಪ್ಪತ್ತು ಮೀಟರ್ ಇಳಿಜಾರು ಎಂದಿಟ್ಟುಕೊಂಡರೆ ಸುಮಾರು ಎರಡು ಕಿಲೋವ್ಯಾಟ್. ಅರ್ಧ ನಷ್ಟವಾದರೂ ಒಂದು ಉಳಿಯುತ್ತದೆ, ಮನೆಯ ದೀಪ, ಫ್ಯಾನಿಗೆ ಧಾರಾಳ. ಘಟ್ಟದ ಬುಡದ ಕೆಲವು ಮನೆಗಳಲ್ಲಿ ಇಂಥ ಪುಟ್ಟ ಟರ್ಬೈನುಗಳು ಮಳೆಗಾಲ ಪೂರ್ತಿ ತಿರುಗುತ್ತವೆ. ಬೇಸಿಗೆಯಲ್ಲಿ ತೋಡು ಬತ್ತುತ್ತದಲ್ಲ ಎನ್ನುತ್ತಾನೆ. ಹೌದು, ಅದಕ್ಕೇ ಮೊದಲು ಅಳೆಯಬೇಕು: ನೀರನ್ನೆಲ್ಲ ಒಂದು ದಂಬೆಗೆ ಕೂಡಿಸಿ, ಬಾಯಿಗೆ ಕೊಡಪಾನ ಹಿಡಿದು, ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ತಿಂಗಳು ತಿಂಗಳು ಬರೆದಿಡಬೇಕು.

"ಕೊಡಪಾನ ಎಷ್ಟು ಲೀಟರಿನದ್ದು?" ಎಂದು ಅಲ್ಲಿಂದಲೇ ಅಮ್ಮನಿಗೆ ಫೋನ್ ಹಚ್ಚುತ್ತಾನೆ.