ಯಾರಿಗೂ ಹೇಳಬ್ಯಾಡ್ರಿ

ನಮ್ಮ ನೇಸರಿ ಕಡೆ ಯಾವ ಊರಿಗೆ ಹೋದರೂ ಒಂದು ನಿಧಿಯ ಕತೆ ಇದ್ದೇ ಇರುತ್ತದೆ. ಹಾಳುಬಿದ್ದ ವಾಡೆಯ ಗೋಡೆಯೊಳಗೆ ಹಂಡೆ, ಹಳೇ ಬಾವಿಯ ಮೆಟ್ಟಿಲ ಕೆಳಗೆ ಕೊಪ್ಪರಿಗೆ, ಹೊಲದ ಬದುವಿನಲ್ಲಿ ನಿಂತ ವೀರಗಲ್ಲಿನ ಬುಡಕ್ಕೆ ಬಂಗಾರ. ಕನ್ನಡದಲ್ಲಿ ಹೇಳುವವರು ನಿಧಿ ಅನ್ನುತ್ತಾರೆ, ಮರಾಠಿಯಲ್ಲಿ ಹೇಳುವವರು ಗುಪ್ತಧನ ಅನ್ನುತ್ತಾರೆ. ಅದನ್ನು ಕಾಯುವ ಸರ್ಪ ಮಾತ್ರ ಎರಡೂ ಭಾಷೆಯಲ್ಲಿ ಒಂದೇ!

ಗಡಿ ನೆಲದಲ್ಲಿ ಇಂಥ ಕತೆ ಹುಟ್ಟುವುದು ಸಹಜ. ಬಿಜಾಪುರದ ದಂಡು, ಮರಾಠರ ದಂಡು, ಆಮೇಲೆ ಇಂಗ್ಲಿಷರ ದಂಡು, ಎಲ್ಲರೂ ಇಲ್ಲಿ ಹಾದು ಹೋದವರೇ. 1674ರ ಫೆಬ್ರವರಿ 24ರಂದು ಸರಸೇನಾಪತಿ ಪ್ರತಾಪರಾವ್ ಗುಜರ್ ಆರೇ ಜನ ಸವಾರರನ್ನು ಕಟ್ಟಿಕೊಂಡು ಬಹಲೋಲಖಾನನ ಸೈನ್ಯದ ಮೇಲೆ ನುಗ್ಗಿ ಪ್ರಾಣ ಕೊಟ್ಟದ್ದು ನೇಸರಿಯಲ್ಲೇ. ಗಡಹಿಂಗ್ಲಜ ಹತ್ತಿರದ ಸಾಮಾನಗಡದಲ್ಲಿ 1844ರಲ್ಲಿ ಗಡಕರಿಗಳು ದಂಗೆ ಎದ್ದರು. ಇಷ್ಟು ಸಲ ಓಡಾಟ ನಡೆದ ನೆಲದಲ್ಲಿ ಯಾರೋ ಏನೋ ಹೂತಿಟ್ಟು ಹೋಗಿರಲೇಬೇಕು ಅನ್ನುವುದು ಜನರ ಲೆಕ್ಕ. ಸಾಯಲೆಂದೇ ಹೊರಟ ಏಳು ಸವಾರರು ಬಂಗಾರದ ಚೀಲ ಹೊತ್ತುಕೊಂಡು ಹೋಗಿರುತ್ತಾರೇನು ಅಂತ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. ಮಾತು ಸೀದಾ ಬಾವಿಯ ಮೆಟ್ಟಿಲಿಗೆ ಬರುತ್ತದೆ.

ಇಂಥ ಕತೆ ಚಾವಡಿ ಕಟ್ಟೆಯ ಮೇಲೆ ಇದ್ದಷ್ಟು ದಿನ ಚೆಂದ. 2022ರ ಜೂನ್‌ನಲ್ಲಿ ಮ್ಹೈಸಾಳದ ಸುದ್ದಿ ಬಂತಲ್ಲ, ಅದಾದ ಮೇಲೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಈ ಕತೆಗಳಿಗೆ ಯಾರೂ ನಕ್ಕಿಲ್ಲ.

ಮ್ಹೈಸಾಳ ಸಾಂಗಲಿ ಜಿಲ್ಲೆಯ ಮಿರಜ ತಾಲೂಕಿನ ಊರು. ಕಾಗವಾಡದಿಂದ ಹೊರಟರೆ ಗಡಿ ದಾಟಿದ ಕೂಡಲೇ ಸಿಗುತ್ತದೆ. ಜತ್ತ ಕಡೆಯ ಕನ್ನಡಿಗರಿಗೆ ಮ್ಹೈಸಾಳ ಅಂದರೆ ಕೃಷ್ಣಾ ನೀರನ್ನು ಮೇಲಕ್ಕೆತ್ತಿ ಕೊಡುವ ಯೋಜನೆಯ ಹೆಸರು. ಆ ಊರಿನಲ್ಲಿ ಜೂನ್ 20ರ ಸೋಮವಾರ ಅಣ್ಣ ತಮ್ಮಂದಿರ ಎರಡು ಮನೆಗಳಲ್ಲಿ ಒಂಬತ್ತು ಜನರ ಹೆಣ ಸಿಕ್ಕವು. ವಯಸ್ಸಾದ ತಾಯಿ, ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಆ ಅಣ್ಣ ತಮ್ಮಂದಿರಲ್ಲಿ ಒಬ್ಬರು ದನದ ಡಾಕ್ಟರು. ಇನ್ನೊಬ್ಬರು ನಮ್ಮ ಹಾಗೆ ಮಾಸ್ತರರು.

ಮೊದಲು ಎಲ್ಲರೂ ಸಾಲಕ್ಕೆ ಹೆದರಿ ವಿಷ ತೆಗೆದುಕೊಂಡರು ಅಂದುಕೊಂಡರು. ಮನೆಯಲ್ಲಿ ಚೀಟಿಗಳೂ ಸಿಕ್ಕಿದ್ದವು. ಅದರ ಮೇಲೆ 25 ಜನರ ವಿರುದ್ಧ ಪ್ರಕರಣ ದಾಖಲಾಗಿ, ಬಡ್ಡಿಗೆ ಕೊಟ್ಟವರನ್ನು ಹಿಡಿದೂ ಆಯಿತು. ಒಂದು ವಾರ ಕಳೆಯುವಷ್ಟರಲ್ಲಿ ಕತೆಯೇ ಬೇರೆಯಾಯಿತು. ಜೂನ್ 27ರಂದು ಪೊಲೀಸರು ಇದು ಆತ್ಮಹತ್ಯೆ ಅಲ್ಲ, ಕೊಲೆ ಎಂದರು. ಸೊಲ್ಲಾಪುರದಲ್ಲಿ ಒಬ್ಬ ಮಾಂತ್ರಿಕನನ್ನೂ ಅವನ ಡ್ರೈವರನನ್ನೂ ಬಂಧಿಸಿದರು. ಗುಪ್ತಧನ ತೆಗೆದುಕೊಡುತ್ತೇನೆಂದು ಮಾಂತ್ರಿಕ ಈ ಮನೆಯವರಿಂದ ದೊಡ್ಡ ರಕಮು ತೆಗೆದುಕೊಂಡಿದ್ದ, ಸುಮಾರು ಒಂದು ಕೋಟಿ ಅಂತ ಆಗ ಪೇಪರುಗಳಲ್ಲಿ ಬಂತು. ಬಂಗಾರವೂ ಬರಲಿಲ್ಲ, ರೊಕ್ಕವೂ ಬರಲಿಲ್ಲ. ಇವರು ರೊಕ್ಕ ವಾಪಸ್ ಕೇಳಲು ಶುರು ಮಾಡಿದರು. ಆಗ ಪೂಜೆಯ ನೆಪದಲ್ಲಿ ಬಂದು ವಿಷ ಬೆರೆಸಿದ ಚಹಾ ಕುಡಿಸಿದರು ಎಂಬುದು ಪೊಲೀಸರ ಆರೋಪ. ಆ ರಾತ್ರಿ ಮನೆಯವರಿಗೆ ಗೋಧಿ ಕಾಳು ಎಣಿಸಲು ಹಚ್ಚಿದ್ದರಂತೆ. ಈ ಗೋಧಿ ಕಾಳಿನ ಮಾತು ಓದಿದ ದಿನ ನನಗೆ ಊಟ ಸೇರಲಿಲ್ಲ. ಬಿ.ಎಡ್ ಮಾಡಿದವರು, ಡಾಕ್ಟರಿಕೆ ಓದಿದವರು, ಕಾಲೇಜಿನ ವಯಸ್ಸಿನ ಮಕ್ಕಳು ಎಲ್ಲ ಕೂತು ಕಾಳು ಎಣಿಸುತ್ತಿದ್ದಾರೆ, ಅಡುಗೆಮನೆಯಲ್ಲಿ ಚಹಾ ಕುದಿಯುತ್ತಿದೆ...

"ಮಾಸ್ತರ ಆಗಿ ಹಿಂಗ ಮೋಸ ಹೋಗೂದು ಅಂದ್ರ ಹ್ಯಾಂಗ್ರೀ ಸರ?" ಅಂತ ನಮ್ಮ ಶಾಲೆಯ ಸಿಪಾಯಿ ಕೇಳಿದ. ಅವನಿಗೆ ಅದು ಒಗಟು. ಓದಿದವರಿಗೆ ಆಸೆ ಇರುವುದಿಲ್ಲ ಅಂತ ಅವನಿಗೆ ಯಾರು ಹೇಳಿದರೋ! ನನಗೆ ಕಾಡಿದ್ದು ಬೇರೆ ಪ್ರಶ್ನೆ. ಒಂಬತ್ತು ಜನರ ಮನೆ ಅದು. ಡಾಕ್ಟರಿಗೆ ಹತ್ತೂರಿನ ರೈತರ ಪರಿಚಯ, ಮಾಸ್ತರರಿಗೆ ಜೊತೆಗೆ ಕೆಲಸ ಮಾಡುವವರು. ಇಷ್ಟು ಜನರ ನಡುವೆ ಇದ್ದೂ, ನೀವು ದಾರಿ ತಪ್ಪಿದ್ದೀರಿ ಅಂತ ಹೇಳುವವರು ಒಬ್ಬರೂ ಯಾಕೆ ಸಿಗಲಿಲ್ಲ?

ನಿಧಿಯ ವ್ಯವಹಾರ ನಡೆಯುವ ರೀತಿ ಗೊತ್ತಿದ್ದವರಿಗೆ ಉತ್ತರ ಹೊಳೆಯುತ್ತದೆ. ಬರುವವನು ಮೊದಲು ಅಂಜನ ಹಾಕುತ್ತಾನೆ, ಅಂದರೆ ವೀಳ್ಯದೆಲೆಗೋ ಹೆಬ್ಬೆರಳ ಉಗುರಿಗೋ ಕಪ್ಪು ಸವರಿ ನೆಲದೊಳಗಿನದು ಕಾಣುತ್ತದೆ ಅನ್ನುತ್ತಾನೆ. ಆಮೇಲೆ ದಿನ, ನಕ್ಷತ್ರ, ಪೂಜೆಯ ಖರ್ಚು. ಇದೆಲ್ಲದಕ್ಕಿಂತ ಮುಂಚೆ ಒಂದು ಷರತ್ತು ಹಾಕುತ್ತಾನೆ: "ಯಾರಿಗೂ ಹೇಳಬ್ಯಾಡ್ರಿ. ಹೇಳಿದ್ರ ಬಂಗಾರ ಇದ್ದಲಿ ಆಗತೈತಿ." ಅವನ ಬಂಡವಾಳ ಪೂರ್ತಿ ಈ ಒಂದು ಮಾತಿನಲ್ಲಿದೆ. ಇದನ್ನು ಒಪ್ಪಿಕೊಂಡ ದಿನದಿಂದ ಆ ಮನೆಯವರಿಗೆ ಅಕ್ಕಪಕ್ಕದವರಿಲ್ಲ, ಗೆಳೆಯರಿಲ್ಲ, ಪೊಲೀಸರಿಲ್ಲ. ಸಾಲ ಯಾಕೆ ಅಂತ ಕೇಳಿದರೆ ಸುಳ್ಳು ಹೇಳಬೇಕು. ಒಂದು ಸಾಲಕ್ಕೆ ಇನ್ನೊಂದು, ಒಂದು ಪೂಜೆಗೆ ಇನ್ನೊಂದು. ಲೋಕದಲ್ಲಿ ಅವರ ಗುಟ್ಟು ಗೊತ್ತಿರುವವನು ಒಬ್ಬನೇ, ಅವರನ್ನು ಸುಲಿಯುತ್ತಿರುವವನು. ಅವನ ಹತ್ತಿರವೇ ಕಷ್ಟ ಹೇಳಿಕೊಳ್ಳಬೇಕು.

ಆಚೆ ಕರ್ನಾಟಕದಲ್ಲಿ ಇದರ ಇನ್ನೊಂದು ಮುಖ ಇದೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ರಾತ್ರೋರಾತ್ರಿ ಒಡೆದು ಹಾಕಿದರು. 1539ರಲ್ಲಿ ತೀರಿಕೊಂಡ ಸನ್ಯಾಸಿಯ ಸಮಾಧಿ ಅದು. ಸನ್ಯಾಸಿಯ ಹತ್ತಿರ ಬಂಗಾರ ಹುಡುಕಿದರು ನೋಡಿ! ಭಕ್ತರು ಸೇರಿ ಬೇಗನೇ ಮತ್ತೆ ಕಟ್ಟಿದರು, ಕಳ್ಳರೂ ಸಿಕ್ಕಿಬಿದ್ದರು. ಆದರೆ ಹೊಲದಲ್ಲಿರುವ ವೀರಗಲ್ಲಿಗೆ, ನಾಗರಕಲ್ಲಿಗೆ ಭಕ್ತರ ಸಂಘ ಇರುವುದಿಲ್ಲ. ಒಡೆದರೆ ಒಡೆದಂತೆಯೇ.

ಈಗ ನಮ್ಮ ಶಾಲೆಯ ಮಾತು. ಊರ ಹೆಸರು, ಮನೆಯ ಹೆಸರು ಬೇಡ. ಮ್ಹೈಸಾಳ ಆದ ಮಾರನೇ ವರ್ಷ ಏಳನೇ ಇಯತ್ತೆಯ ಒಬ್ಬ ಹುಡುಗಿ ಒಂದು ಮಧ್ಯಾಹ್ನ ಊಟದ ತಾಟು ಹಾಗೇ ಇಟ್ಟುಕೊಂಡು ಕೂತಿದ್ದಳು. ನಮ್ಮ ಬಾಯಿ, ಅಂದರೆ ಶಿಕ್ಷಕಿಯವರು, ಹತ್ತಿರ ಕೂತು ಕೇಳಿದರು. "ಅಮಾಸಿ ರಾತ್ರಿ ನನ್ನ ಹೊಲದಾಗ ಕುಂಡ್ರಸ್ತಾರಂತ್ರೀ ಬಾಯಿ. ನಾ ಪಾಯಾಳು ಅದೇನಂತ. ಯಾರ ಮುಂದೂ ಹೇಳಬ್ಯಾಡ ಅಂದಾರ."

ಪಾಯಾಳು ಅಂದರೆ ಕಾಲು ಮುಂದಾಗಿ ಹುಟ್ಟಿದ ಮಗು. ಅಂಥವರ ಕಣ್ಣಿಗೆ ನೆಲದೊಳಗಿನ ಧನ ಕಾಣುತ್ತದೆ ಅಂತ ನಮ್ಮ ಕಡೆ ನಂಬಿಕೆ. ಬರೀ ಕೂರಿಸಿ ಕಳಿಸುತ್ತಾರೋ ಅದಕ್ಕಿಂತ ಮುಂದೆ ಹೋಗುತ್ತಾರೋ ಯಾರಿಗೆ ಗೊತ್ತು? 1972ರಿಂದ 1974ರ ತನಕ ಪರಭಣಿ ಜಿಲ್ಲೆಯ ಮಾನವತದಲ್ಲಿ ಸಣ್ಣ ಸಣ್ಣ ಹುಡುಗಿಯರ ಕೊಲೆಯಾದದ್ದು ಹಿರಿಯರಿಗೆ ನೆನಪಿರಬೇಕು. ಅಲ್ಲಿಯೂ ಗುಪ್ತಧನದ ಮಾತು ಬಂದಿತ್ತು. ಅಮಾವಾಸ್ಯೆಗೆ ಎರಡೇ ದಿನ ಇತ್ತು.

ಹೆಡ್ ಮಾಸ್ತರರು, ಬಾಯಿ, ನಾನು ಮೂವರೂ ಸಂಜೆಯೇ ಅವರ ಮನೆಗೆ ಹೋದೆವು. ತಂದೆ ಸಿಟ್ಟಾದ. "ಇದು ನಮ್ಮ ಮನಿ ವಿಷಯ ರೀ ಸರ. ಸಾಲಿ ವಿಷಯ ಸಾಲ್ಯಾಗ ಇರಲಿ" ಅಂದ. ಹೆಡ್ ಮಾಸ್ತರರು ದನಿ ಏರಿಸಲಿಲ್ಲ. ದಾಭೋಲ್ಕರರ ಕೊಲೆಯಾದ ವರ್ಷ, 2013ರಲ್ಲಿ, ನಮ್ಮ ರಾಜ್ಯದಲ್ಲಿ ಬಂದ ಮಾಟಮಂತ್ರ ವಿರೋಧಿ ಕಾನೂನಿನ ಮಾತು ತೆಗೆದರು. ಆರು ತಿಂಗಳಿಂದ ಏಳು ವರ್ಷದ ತನಕ ಜೈಲು, ಧನ ಹುಡುಕುವ ಅಘೋರಿ ಕೆಲಸವೂ ಅದರ ಪಟ್ಟಿಯಲ್ಲಿದೆ ಎಂದರು. ತಂದೆಗೆ ಅದೇನೂ ತಟ್ಟಲಿಲ್ಲ. ಒಳಗಿಂದ ಅಜ್ಜಿ ಬಂದಳು. ಅವಳಿಗೆ ಬಂಗಾರದ ಸುದ್ದಿ ಗೊತ್ತಿತ್ತು, ಮೊಮ್ಮಗಳನ್ನು ಕೂರಿಸುವ ಸುದ್ದಿ ಗೊತ್ತಿರಲಿಲ್ಲ. "ಕೂಸನ್ನ ಕತ್ತಲದಾಗ ಕಳಸೂದಿಲ್ಲ. ನಿನ್ನ ಬಂಗಾರದಾಗ ಬೆಂಕಿ ಹಚ್ಚಲಿ" ಅಂದು ಹುಡುಗಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಾವು ಮೂವರು ಮಾಡಿದ್ದಕ್ಕಿಂತ ಆ ಮುದುಕಿ ಮಾಡಿದ್ದು ಹೆಚ್ಚು.

ಹುಡುಗಿ ಉಳಿದಳು, ರೊಕ್ಕ ಉಳಿಯಲಿಲ್ಲ. ಕಬ್ಬಿನ ಬಿಲ್ಲಿನಲ್ಲಿ ಅರವತ್ತು ಸಾವಿರ ಮೊದಲೇ ಕೊಟ್ಟಾಗಿತ್ತು. ಹೊಲದ ವೀರಗಲ್ಲನ್ನು ಕಿತ್ತಾಗಿತ್ತು, ಅದು ಎರಡು ತುಂಡಾಗಿತ್ತು. ಅದರ ಕೆಳಗೆ ಮೊಣಕಾಲುದ್ದ ಅಗೆದರೂ ಕಪ್ಪು ಮಣ್ಣು, ಅದರ ಕೆಳಗೆ ಗರಸು. ಅಮಾವಾಸ್ಯೆ ಕಳೆದ ಮೇಲೆ ಮಾಂತ್ರಿಕನ ಮೊಬೈಲು ಬಂದ್ ಆಯಿತು. ಅವನನ್ನು ಮನೆಗೆ ಕರೆತಂದಿದ್ದವನು ಹುಡುಗಿಯ ಸ್ವಂತ ಸೋದರಮಾವ. ಅರವತ್ತರಲ್ಲಿ ಹದಿನೈದು ಸಾವಿರ ಅವನ ಪಾಲಿಗೆ ಹೋಗಿತ್ತು ಅಂತ ಆಮೇಲೆ ಗೊತ್ತಾಯಿತು. ಪೊಲೀಸರಿಗೆ ಹೇಳಿ ಅಂದರೆ ತಂದೆ ಒಪ್ಪಲಿಲ್ಲ. ಯಾಕೆ ಕೊಟ್ಟೆ ಅಂತ ಕೇಳಿದರೆ ಏನು ಹೇಳಲಿ ಅಂದ. ಹೆಂಡತಿಯ ಅಣ್ಣನ ಹೆಸರು ಹೇಗೆ ಬರೆಸಲಿ ಅಂದ. ಅದೂ ಸರಿಯೇ.

ಆದರೆ ಅವನು ಸೋದರಮಾವನ ಜೊತೆ ಮಾತು ಬಿಡಲಿಲ್ಲ. ಮಾತು ಬಿಟ್ಟದ್ದು ಮಗಳ ಜೊತೆ. ಅವಳು ಬಾಯಿಯ ಮುಂದೆ ಹೇಳಿದ್ದಕ್ಕೇ ಬಂಗಾರ ಇದ್ದಲಿ ಆಯಿತಂತೆ. ಐದಾರು ತಿಂಗಳು ಅವಳ ವಹಿಗೆ, ಪೆನ್ನಿಗೆ ಅಜ್ಜಿಯೇ ರೊಕ್ಕ ಕೊಟ್ಟಳು.

ನೆಲದಲ್ಲಿ ಏನೂ ಸಿಗುವುದೇ ಇಲ್ಲ ಅಂತ ನಾನು ಮಕ್ಕಳಿಗೆ ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಬ್ಯಾಂಕು ಇಲ್ಲದ ಕಾಲದಲ್ಲಿ ಜನ ನಾಣ್ಯ, ಒಡವೆ ಹೂತಿಡುತ್ತಿದ್ದದ್ದು ನಿಜ. ಅದಕ್ಕೆಂದೇ 1878ರ ನಿಧಿ ಕಾಯ್ದೆ ಇದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಹೂತವರ ವಾರಸುದಾರರು ಯಾರೂ ಇಲ್ಲವೆಂದಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಸಿಕ್ಕವನಿಗೆ ಮುಕ್ಕಾಲು, ಹೊಲದ ಮಾಲಕನಿಗೆ ಕಾಲು ಪಾಲು. ಸರ್ಕಾರವೇ ಇಟ್ಟುಕೊಂಡರೆ ಆ ವಸ್ತುವಿನ ಬೆಲೆ, ಮೇಲೆ ಅದರ ಐದನೇ ಒಂದು ಭಾಗ ಸೇರಿಸಿ ಕೊಡಬೇಕು. ಮುಚ್ಚಿಟ್ಟರೆ ಪಾಲೂ ಹೋಯಿತು, ಒಂದು ವರ್ಷದ ತನಕ ಜೈಲು. ಮಾಂತ್ರಿಕ ಹೇಳಬೇಡ ಅನ್ನುತ್ತಾನೆ, ಕಾಯ್ದೆ ಮೊದಲು ಹೇಳು ಅನ್ನುತ್ತದೆ. ಇದನ್ನು ಪಾಲಕರ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ಹೇಳಿದೆವು. ಆ ತಂದೆ ಸಭೆಗೆ ಬಂದಿರಲಿಲ್ಲ.

ಆ ವರ್ಷದ ಸಹಲಿಗೆ ಮಕ್ಕಳನ್ನು ಕೊಲ್ಲಾಪುರಕ್ಕೆ ಕರೆದುಕೊಂಡು ಹೋಗಿದ್ದೆವು. ಅಂಬಾಬಾಯಿ ಗುಡಿ, ರಂಕಾಳ ಕೆರೆ ಆದ ಮೇಲೆ ಟೌನ್ ಹಾಲ್ ಮ್ಯೂಸಿಯಮ್ಮು. ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿ ಸಿಕ್ಕ ವಸ್ತುಗಳ ಮನೆ ಅದು. ಗ್ರೀಕರ ಸಮುದ್ರದೇವತೆ ಪೊಸೈಡನ್‌ನ ಒಂದು ಚಿಕ್ಕ ಕಂಚಿನ ಮೂರ್ತಿ ಕೂಡ ಆ ದಿಬ್ಬದ್ದೇ. ಎರಡು ಸಾವಿರ ವರ್ಷಗಳ ಹಿಂದೆ ಇಲ್ಲಿಯವರು ಕಡಲಾಚೆಯವರ ಜೊತೆ ವ್ಯಾಪಾರ ಮಾಡುತ್ತಿದ್ದರು ಅನ್ನುವುದಕ್ಕೆ ಸಾಕ್ಷಿ. 1945-46ರಲ್ಲಿ ಡೆಕ್ಕನ್ ಕಾಲೇಜಿನ ಸಾಂಕಳಿಯಾ ಮತ್ತು ದೀಕ್ಷಿತ್ ಅವರು ಆ ದಿಬ್ಬ ಅಗೆದರು ಅಂತ ಹೇಳುತ್ತಿದ್ದೆ. ಹುಡುಗಿ ಮುಂದೆ ಬಂದು ಕೇಳಿದಳು:

"ಅವರು ಹಗಲೊತ್ತಿನ್ಯಾಗ ಅಗದ್ರೇನ್ರೀ ಸರ?"

"ಹೂಂ. ಏನು ಸಿಕ್ಕಿತು, ಎಷ್ಟು ಆಳದಾಗ ಸಿಕ್ಕಿತು ಎಲ್ಲಾ ಬರದು ಪುಸ್ತಕ ಮಾಡ್ಯಾರ" ಅಂದೆ.

ಅವಳು ತನ್ನ ವಹಿಯಲ್ಲಿ ಏನೋ ಬರೆದುಕೊಂಡಳು. ಈಗ ಅವಳ ತಂದೆ ಮಾತಾಡುತ್ತಾನಂತೆ, ಬೇಕಾದಷ್ಟಕ್ಕೆ ಮಾತ್ರ. ವೀರಗಲ್ಲಿನ ಮೇಲಿನ ತುಂಡು, ಕುದುರೆ ಇರುವ ಭಾಗ, ಇನ್ನೂ ಬದುವಿನ ಮೇಲೆ ಬಿದ್ದಿದೆ. ಕೆಳಗಿನ ತುಂಡನ್ನು ಅಜ್ಜಿ ಬಟ್ಟೆ ಒಗೆಯಲು ಮನೆಗೆ ತರಿಸಿಕೊಂಡಿದ್ದಾಳೆ.