ನಲವತ್ತು ವರ್ಷದ ಕದನವಿರಾಮ

'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಡೆಡ್‌ಲಾಕ್' ಎಂಬ ಕಂಪ್ಯೂಟರ್ ಆಟದ ಕಡೆಯ ಕಥಾಕಂತು 'ಆರ್ಮಿಸ್ಟಿಸ್' 2020ರಲ್ಲಿ ಬಂದಿತು. ಮನುಷ್ಯರಿಗೂ ಅವರೇ ನಿರ್ಮಿಸಿದ ಸೈಲಾನ್ ಯಂತ್ರಗಳಿಗೂ ನಡೆದ ಮೊದಲ ಯುದ್ಧ ಗೆಲುವಿನಲ್ಲಲ್ಲ, ಒಪ್ಪಂದದಲ್ಲಿ ನಿಲ್ಲುತ್ತದೆ. 2003ರ ಕಿರುತೆರೆ ಕಥೆಯನ್ನು ಮೊದಲೇ ನೋಡಿದ್ದ ನಮಗೆ ಮುಂದಿನದು ಗೊತ್ತು: 40 ವರ್ಷಗಳ ಬಳಿಕ ಯಂತ್ರಗಳು ಮರಳಿ ಬಂದು ಮನುಷ್ಯರ ಹನ್ನೆರಡು ಲೋಕಗಳನ್ನು ಸುಡುತ್ತವೆ. ಆದರೂ ಪ್ರತಿ ಸರದಿಯಲ್ಲಿ ನೌಕೆಗಳಿಗೆ ಆಜ್ಞೆಯಿತ್ತು, ಎರಡೂ ಪಡೆಗಳು ಒಟ್ಟಿಗೇ ಚಲಿಸತೊಡಗಿದಾಗ ಉಸಿರು ಬಿಗಿಹಿಡಿಯುತ್ತಿದ್ದೆವು. ಊರಿನಲ್ಲಿ 'ಕೃಷ್ಣಸಂಧಾನ'ದ ಯಕ್ಷಗಾನಕ್ಕೆ ಕೂರುತ್ತಿದ್ದುದೂ ಹೀಗೆಯೇ ಅಲ್ಲವೇ? ಸಂಧಾನ ಮುರಿಯುವುದೆಂದು ತಿಳಿದೂ ಯಾರೂ ಎದ್ದುಹೋಗುತ್ತಿರಲಿಲ್ಲ. ನಾವು ಉಳಿಸಿದ ನೌಕೆಯ ಜನರಿಗೆ ದಕ್ಕುವುದು ಆ 40 ವರ್ಷ ಮಾತ್ರ. ಅಷ್ಟರಲ್ಲಿ ಅವರಿಗೆ ಮಕ್ಕಳು ಹುಟ್ಟಿ, ಆ ಮಕ್ಕಳೂ ಸಂಸಾರ ಹೂಡಿರುತ್ತಾರೆ. ಈ ಲೆಕ್ಕವನ್ನೇ ಹಿಡಿದು ಕಡೆಯ ಕಾಳಗದವರೆಗೂ ಆಡಿದೆವು.